ಕುದಿಸಬಾರದ ಕಲ್ಲು

ಕೂಡ್ಲಿಗಿಯ ಬೋರ್‌ವೆಲ್ ನೀರಿನಿಂದ ಸಮುದ್ರದ ನೀರು ಮಾಡುವ ಕೆಲಸವನ್ನು ನಾನು ಒಪ್ಪಿಕೊಂಡದ್ದು ಕೊಟ್ಟೂರಿನ ಒಬ್ಬ ಹಲ್ಲಿನ ಡಾಕ್ಟರಿಗಾಗಿ. ಅವರು ಹೊಸದಾಗಿ ಕಟ್ಟಿಸಿದ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುತ್ತ ಕೂರುವ ಹಾಲ್‌ನಲ್ಲಿ, ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ ಇಡಿಸಿದ್ದರು.

"ಗೋಲ್ಡ್‌ಫಿಶ್ ಎಲ್ಲಾ ಕಡಿ ಅದಾವ್ರಿ ಅಕ್ಕ. ನನಗ ಸಮುದ್ರದ್ದು ಬೇಕು. ಹಲ್ಲು ಕೀಳಿಸಿಕೊಳ್ಳಾಕ ಬಂದ ಮಕ್ಳು ಅದನ್ನ ನೋಡ್ತಾ ಅಳೋದು ಮರೀಬೇಕು" ಅಂದರು ಡಾಕ್ಟರಮ್ಮ.

ಕೂಡ್ಲಿಗಿಯಲ್ಲಿ ನನ್ನದು ಮೀನಿನ ತೊಟ್ಟಿಗಳ ಅಂಗಡಿ. ಸಿಹಿನೀರಿನ ತೊಟ್ಟಿಯಾದರೆ ಕಣ್ಣು ಮುಚ್ಚಿಕೊಂಡು ಕಟ್ಟುತ್ತೇನೆ. ಉಪ್ಪುನೀರಿನದು ಅದೇ ಮೊದಲು. ಆ ಮಾತನ್ನು ಮೊದಲ ದಿನವೇ ಅವರಿಗೆ ಹೇಳಿದೆ. "ನನ್ನ ಮೊದಲನೇ ಪೇಶೆಂಟೂ ಯಾರೋ ಒಬ್ರು ಇದ್ರಲ್ರಿ" ಎಂದು ನಕ್ಕರು. ಆ ನಗುವಿಗೆ ನಾನು ಸೋತೆ. ಮೂರು ತಿಂಗಳಿನಿಂದ ಅದರ ಬಗ್ಗೆ ಓದುತ್ತಿದ್ದೆ, ವಿಡಿಯೋ ನೋಡುತ್ತಿದ್ದೆ. ಯಾರಾದರೂ ಕೇಳಲಿ ಎಂದು ಒಳಗೊಳಗೇ ಕಾಯುತ್ತಿದ್ದೆ ಎಂಬುದೂ ನಿಜ.

ನೀರಿನಲ್ಲಿ ಎಷ್ಟು ಖನಿಜ ಕರಗಿದೆ ಎಂದು ತೋರಿಸುವ ಮೀಟರನ್ನು ನಮ್ಮ ಮನೆಯ ನಲ್ಲಿಯ ಕೆಳಗೆ ಹಿಡಿದರೆ ಸಾವಿರದ ನಾನೂರು ಬರುತ್ತದೆ. ಹಂಡೆಯ ತಳದಲ್ಲಿ ಸುಣ್ಣದ ಪದರ ಕಟ್ಟುವ ನೀರು ಅದು. ಮೊದಲು ಅದರಲ್ಲಿರುವುದನ್ನೆಲ್ಲ ತೆಗೆಯಬೇಕು, ಆಮೇಲೆ ಸಮುದ್ರದ ಉಪ್ಪನ್ನು ಅಳೆದು ಸೇರಿಸಬೇಕು. ಮುನ್ನೂರು ಲೀಟರ್ ಬೇಕಿತ್ತು. ಫಿಲ್ಟರಿನಿಂದ ಒಂದು ಕೊಡ ಒಳ್ಳೆಯ ನೀರು ಬರುವಷ್ಟರಲ್ಲಿ ಎರಡು ಕೊಡ ಹೊರಗೆ ಹೋಗುತ್ತಿತ್ತು. ಆ ಹೊರಗೆ ಹೋದದ್ದನ್ನು ನನ್ನ ಗಂಡ ಬಕೆಟ್ಟುಗಳಲ್ಲಿ ಹಿಡಿದು ಪಾತ್ರೆಗೆ, ಬಟ್ಟೆಗೆ, ಅಂಗಳಕ್ಕೆ ಹಾಕಿ ಮುಗಿಸುತ್ತಿದ್ದರು. ಅವರು ಬಸ್ ಕಂಡಕ್ಟರ್. ಕೂಡ್ಲಿಗಿಯಿಂದ ಕೊಟ್ಟೂರಿನ ಮೇಲೆ ಹಡಗಲಿಗೆ ಹೋಗುವ ಬಸ್ಸು ಅವರದು. ಡ್ಯೂಟಿ ಮುಗಿಸಿ ಬಂದು ಕಾಲಿಗೆ ನೀರು ಹಾಕಿಕೊಂಡವರೇ, "ಇವತ್ತು ಸಮುದ್ರ ಎಷ್ಟು ಏರಿತು?" ಎಂದು ಡ್ರಮ್ಮಿನೊಳಗೆ ಬಗ್ಗಿ ನೋಡುತ್ತಿದ್ದರು.

ತಳಕ್ಕೆ ಮರಳು ಬೇಕು ಎಂದಾಗ, "ಹಡಗಲಿ ಹತ್ರ ಮಾಗಳದಾಗ ಹೊಳಿ ಮರಳು ಐತಲ್ಲ, ಒಂದು ಚೀಲ ಬಸ್ಸಿನ್ಯಾಗ ಹಾಕ್ಕೊಂಡು ಬರ್ತೀನಿ" ಅಂದರು. ಹೊಳೆಯ ಮರಳು ಆಗುವುದಿಲ್ಲ, ಹವಳ ಸವೆದು ಆದ ಬಿಳಿಯ ಮರಳೇ ಬೇಕು ಎಂದೆ. "ಸಮುದ್ರಕ್ಕ ಮಡಿ ಭಾಳ" ಎಂದು ಸುಮ್ಮನಾದರು.

ನೀರಾಯಿತು, ಮರಳು ಬಂತು. ಉಳಿದದ್ದು ಕಲ್ಲು.

ಉಪ್ಪುನೀರಿನ ತೊಟ್ಟಿಯಲ್ಲಿ ಕಲ್ಲೇ ಮುಖ್ಯ. ಜೀವಂತ ಕಲ್ಲು ಎನ್ನುತ್ತಾರೆ. ಕಲ್ಲಿಗೆ ಜೀವವಿರುವುದಿಲ್ಲ, ಸತ್ತ ಹವಳದ ಗಟ್ಟಿ ಅದು, ಜೇನುಗೂಡಿನ ಹಾಗೆ ತೂತು ತೂತು. ಆ ತೂತುಗಳಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನು ಬದುಕುವಂತಾಗುತ್ತದೆ. ಈ ಎರಡೂ ಪಡೆ ಬೆಳೆದು ನಿಲ್ಲುವುದಕ್ಕೆ ಐದಾರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿಗೆ ಒಂದು ಮೀನನ್ನೂ ಬಿಡುವಂತಿಲ್ಲ. ಬರಿ ಕಲ್ಲು, ನೀರು, ಕಾಯುವುದು.

ಕಲ್ಲು ಕಳಿಸಿದವನು ಬೆಂಗಳೂರಿನ ಒಬ್ಬ ವ್ಯಾಪಾರಿ. ಅವನನ್ನು ನಾನು ಕಂಡಿಲ್ಲ, ಫೋನಿನಲ್ಲಷ್ಟೇ ಪರಿಚಯ. ಫ್ಯಾಕ್ಟರಿಯಲ್ಲಿ ಮಾಡಿ ಬ್ಯಾಕ್ಟೀರಿಯಾ ಹತ್ತಿಸಿದ ಕಲ್ಲೂ ಇದೆ, ಸಮುದ್ರದ್ದೂ ಇದೆ ಎಂದಿದ್ದ. "ಸಮುದ್ರದ್ದಾದ್ರೆ ಬೇಗ ಸೆಟ್ ಆಗುತ್ತೆ ಅಕ್ಕಾ. ಆದ್ರೆ ಬಿಲ್ಲಲ್ಲಿ ಅಲಂಕಾರದ ಕಲ್ಲು ಅಂತ ಬರೀತೀನಿ, ಕೇಳಬೇಡಿ." ನಾನು ಕೇಳಲಿಲ್ಲ. ಯಾಕೆ ಹಾಗೆ ಬರೆಯಬೇಕು ಎಂಬುದು ನನಗೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ತಿಳಿದುಕೊಳ್ಳುವ ಮನಸ್ಸು ಮಾಡಲಿಲ್ಲ.

ಥರ್ಮಾಕೋಲ್ ಪೆಟ್ಟಿಗೆಗಳು ಹೆದ್ದಾರಿಯ ಬಸ್ಸೊಂದರ ಲಗೇಜಿನಲ್ಲಿ ಬಂದವು. ದಾರಿಯಲ್ಲಿ ಬಸ್ಸು ಕೆಟ್ಟು ಆರು ತಾಸು ತಡವಾಗಿತ್ತು. ಒದ್ದೆ ಪೇಪರಿನಲ್ಲಿ ಸುತ್ತಿದ ಇಪ್ಪತ್ತೆಂಟು ಕಿಲೋ ಕಲ್ಲು. ಮುಚ್ಚಳ ತೆಗೆದ ಕೂಡಲೇ ಕೊಳೆತ ಮೀನಿನ ನಾತ ಅಂಗಳ ತುಂಬಿತು. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಕಲ್ಲಿಗಂಟಿದ್ದ ಸ್ಪಂಜಿನಂಥ ಜೀವಗಳು ದಾರಿಯಲ್ಲೇ ಸತ್ತು ಕರಗುತ್ತಿದ್ದವು. ಕಪ್ಪಗೆ ಮೆತ್ತಗಾದ ಭಾಗಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದು, ನೀಲಿ ಡ್ರಮ್ಮಿನ ಉಪ್ಪುನೀರಿನಲ್ಲಿ ಕಲ್ಲುಗಳನ್ನು ಇಳಿಸಿ, ನೀರು ತಿರುಗಿಸುವ ಮೋಟಾರು ಹಾಕಿದೆ. ಮೊದಲು ಹೀಗೆ ಕೊಳೆ ಬಿಡಿಸಬೇಕು, ಆಮೇಲಷ್ಟೇ ತೊಟ್ಟಿಗೆ.

ಮೂರನೆಯ ದಿನ ಅಮೋನಿಯಾ ಪರೀಕ್ಷೆ ಮಾಡಿದರೆ ಗಾಜಿನ ನಳಿಕೆಯ ನೀರು ಹಳದಿಯಿಂದ ಕಡು ಹಸಿರಿಗೆ ಹೋಯಿತು. ಅದಕ್ಕಿಂತ ಕಡು ಬಣ್ಣ ಹೋಲಿಸಿ ನೋಡುವ ಬಣ್ಣದ ಪಟ್ಟಿಯಲ್ಲಿಯೇ ಇರಲಿಲ್ಲ. ಅರ್ಧ ನೀರು ಚೆಲ್ಲಿ ಹೊಸದು ಹಾಕಿದೆ. ಐದನೆಯ ದಿನ ಮಧ್ಯಾಹ್ನ ನಾಲ್ಕು ತಾಸು ಕರೆಂಟು ಹೋಯಿತು. ನೀರು ನಿಂತರೆ ಕಲ್ಲಿನೊಳಗಿನದಕ್ಕೆ ಗಾಳಿ ಸಿಗುವುದಿಲ್ಲ. ಅಂಗಡಿ ಮುಚ್ಚಿಕೊಂಡು ಬಂದು ಡ್ರಮ್ಮಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಚೊಂಬಿನಿಂದ ನೀರೆತ್ತಿ ಹೊಯ್ಯುತ್ತಲೇ ಇದ್ದೆ. ರಟ್ಟೆ ಬಿದ್ದುಹೋಯಿತು. ಡ್ಯೂಟಿಯಿಂದ ಬಂದ ಗಂಡ ಯೂನಿಫಾರ್ಮಿನಲ್ಲೇ ಚೊಂಬು ಕಸಿದುಕೊಂಡು, "ಸರಿ, ನಾ ಹೊಯ್ತೀನಿ, ನೀ ಚಾ ಮಾಡು" ಅಂದರು.

ಎರಡು ವಾರಕ್ಕೆ ನಾತ ಇಳಿಯಿತು. ಕಲ್ಲು ಮೂಗಿಗೆ ಹಿಡಿದರೆ ಬರಿ ಉಪ್ಪಿನ, ಒದ್ದೆ ಮಣ್ಣಿನ ವಾಸನೆ. ಕೊಟ್ಟೂರಿಗೆ ಸಾಗಿಸಿ ತೊಟ್ಟಿಯಲ್ಲಿ ಜೋಡಿಸಿದೆ. ಎರಡು ಗುಡ್ಡ, ನಡುವೆ ಒಂದು ಕಣಿವೆ. ಮರುದಿನ ನೀರು ಹಾಲಿನಂತೆ ಬೆಳ್ಳಗಾಯಿತು. ಒಂದು ವಾರದ ಮೇಲೆ ಮರಳಿನ ಮೇಲೆಲ್ಲ ಕಂದು ಬಣ್ಣದ ಪಾಚಿ. ಡಾಕ್ಟರಮ್ಮ ಫೋನು ಮಾಡಿ, "ಅಕ್ಕ, ಇದು ಸಮುದ್ರನೋ ಗಟಾರನೋ?" ಎಂದು ಕೇಳಿದರು. ಇದೆಲ್ಲ ಹೀಗೇ ಆಗಬೇಕು, ಆಗದಿದ್ದರೆ ಹೆದರಬೇಕು ಎಂದೆ. ಬಾಯಲ್ಲಿ ಧೈರ್ಯ ಹೇಳಿದೆನೇ ಹೊರತು ನನಗೂ ಅಷ್ಟು ನಂಬಿಕೆ ಇರಲಿಲ್ಲ.

ಬಿಸಿಲು ಏರುತ್ತಿತ್ತು. ಭಾನುವಾರ ಕ್ಲಿನಿಕ್ಕು ಮುಚ್ಚಿದರೆ ಏಸಿಯೂ ಬಂದ್. ಸೋಮವಾರ ಹೋಗಿ ನೋಡಿದರೆ ನೀರಿನ ಉಷ್ಣಾಂಶ ಮೂವತ್ತೆರಡು. ತೊಟ್ಟಿಯ ಬಾಯಿಗೆ ಎರಡು ಸಣ್ಣ ಫ್ಯಾನ್ ಕಟ್ಟಿದೆ. ನಮ್ಮ ಕಡೆಯ ಒಣಗಾಳಿ ಆ ಒಂದು ಕೆಲಸಕ್ಕೆ ಒಳ್ಳೆಯದು. ನೀರು ಆವಿಯಾಗಿ ನಾಲ್ಕು ಡಿಗ್ರಿ ತಣ್ಣಗಾಯಿತು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ದಿನಕ್ಕೆ ಆರು ಲೀಟರ್ ಸಿಹಿನೀರು ಸೇರಿಸದಿದ್ದರೆ ಉಪ್ಪು ಏರುತ್ತದೆ. ಕ್ಯಾನುಗಳನ್ನು ಗಂಡನ ಬಸ್ಸಿನಲ್ಲಿ ಕಳಿಸುತ್ತಿದ್ದೆ; ಅವರು ಕ್ಲಿನಿಕ್ಕಿನ ರಿಸೆಪ್ಶನ್ ಹುಡುಗಿಯನ್ನು ಬಸ್‌ಸ್ಟ್ಯಾಂಡಿಗೆ ಕರೆಸಿ ಕೊಟ್ಟು ಮುಂದೆ ಹೋಗುತ್ತಿದ್ದರು. ಕ್ಲಿನಿಕ್ಕಿನವರೆಗೆ ಬಂದು ತೊಟ್ಟಿ ನೋಡುವುದಕ್ಕೆ ಅವರಿಗೆ ಒಂದು ದಿನವೂ ಆಗಲಿಲ್ಲ. ಅಲ್ಲಿ ಬಸ್ಸು ನಿಲ್ಲುವುದು ಐದೇ ನಿಮಿಷ.

ಮೂರನೆಯ ವಾರ ಮೂರು ಕಲ್ಲುಗಳ ಮೇಲೆ ಏನೋ ಅರಳಿತು. ಅಂಗಿಯ ಗುಂಡಿಯಷ್ಟು ಅಗಲದ, ಕಂದು ಬಣ್ಣದ, ಸುತ್ತಲೂ ಕೂದಲಿನಂಥ ಅಂಚಿರುವ ಹೂಗಳು. ಮುಟ್ಟಿದರೆ ಮುದುಡಿಕೊಳ್ಳುವವು. ಗಿಡವಲ್ಲ, ಹವಳದ ಬಳಗಕ್ಕೆ ಸೇರಿದ ಪ್ರಾಣಿ. ಅಷ್ಟು ಕೊಳೆತು, ಅಷ್ಟು ದಾರಿ ಬಂದು, ನನ್ನ ಕೈಯ ನೀರಿನಲ್ಲಿ ಒಂದು ಜೀವ ಕಣ್ಣು ಬಿಟ್ಟಿತು ಎಂದು ಖುಷಿಯಾಯಿತು. ಆದರೆ ಎರಡು ವಾರದಲ್ಲಿ ಅವು ಪಕ್ಕದ ಕಲ್ಲಿಗೂ ಹಬ್ಬಿದವು. ಅಂಥ ಮಣ್ಣು ಬಣ್ಣದ್ದು ಡಾಕ್ಟರಮ್ಮನಿಗೆ ಹಿಡಿಸಲಿಲ್ಲ. ಫೋಟೋ ತೆಗೆದು ವ್ಯಾಪಾರಿಗೆ ಕಳಿಸಿದೆ.

"ಅಯ್ಯೋ, ಅದು ಕಳೆ ಅಕ್ಕಾ. ಬಿಟ್ರೆ ಟ್ಯಾಂಕೆಲ್ಲಾ ಅದೇ ಆಗುತ್ತೆ. ಜಾಸ್ತಿ ಇರೋ ಕಲ್ಲು ತೆಗೆದು ಕುದಿಯೋ ನೀರಲ್ಲಿ ಹಾಕಿ, ಬ್ರಷ್ ಹೊಡೀರಿ, ಸತ್ತು ಹೋಗುತ್ತೆ" ಅಂದ.

ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಸಿಹಿನೀರಿನ ತೊಟ್ಟಿಗೆ ಇಡುವ ಮರದ ಬೇರು, ಕಲ್ಲು ಎಲ್ಲವನ್ನೂ ನಾನು ಯಾವಾಗಲೂ ಕುದಿಸಿಯೇ ಇಡುವುದು. ಅದಕ್ಕೆಂದೇ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆಯೂ ಇದೆ. ಮೂರು ತಿಂಗಳು ಓದಿದ್ದೆ ಎಂದೆನಲ್ಲ, ಇದೊಂದನ್ನು ಓದಿರಲಿಲ್ಲ.

ಅವತ್ತು ಗಂಡನಿಗೆ ವಾರದ ರಜೆ. ಬೆಳಿಗ್ಗೆ ಹತ್ತು ಗಂಟೆಗೆ, ಹಿಂದಿನ ದಿನ ಕ್ಲಿನಿಕ್ಕಿನಿಂದ ತಂದಿದ್ದ ಮೂರು ಕಲ್ಲುಗಳನ್ನು ಪಾತ್ರೆಯಲ್ಲಿಟ್ಟು ಅಡುಗೆಮನೆಯ ಗ್ಯಾಸಿನ ಮೇಲೆ ಇಟ್ಟೆ. ಹೊರಗೆ ಧೂಳಿನ ಗಾಳಿ ಎದ್ದಿತ್ತು, ಕಿಟಕಿ ಹಾಕಿದ್ದೆ. ನೀರು ಕಾಯತೊಡಗುವಷ್ಟರಲ್ಲಿ ಅಂಗಡಿಯ ಮುಂದೆ ಗಿರಾಕಿ ಬಂದು ನಿಂತಿದ್ದಾರೆಂದು ಫೋನು ಬಂತು.

"ಏನ್ರೀ, ಇದು ಇಪ್ಪತ್ತು ನಿಮಿಷ ಕುದೀಲಿ. ಆಮ್ಯಾಲ ಆ ಕಂದು ಗುಂಡಿ ಎಲ್ಲಾ ಬ್ರಷ್ಷಿನಿಂದ ತಿಕ್ಕಿ ತಗೀರಿ. ನಾ ಒಂದು ತಾಸಿನ್ಯಾಗ ಬರ್ತೀನಿ."

"ಹೋಗು ಹೋಗು. ನಾ ನೋಡ್ಕೊಂತೀನಿ."

ಅವರು ಯಾವ ಕೆಲಸವನ್ನೂ ಅರೆಬರೆ ಮಾಡುವವರಲ್ಲ. ಪಾತ್ರೆಯ ಮೇಲೆ ಬಗ್ಗಿ, ಹಬೆಯಲ್ಲಿ ಮುಖವಿಟ್ಟುಕೊಂಡು, ಒಂದೊಂದು ಕಲ್ಲನ್ನೂ ಇಕ್ಕಳದಿಂದ ಎತ್ತಿ ತಿಕ್ಕಿದ್ದಾರೆ. ಗುಂಡಿಗಳು ಬಿಡದಿದ್ದಾಗ ಮತ್ತೆ ಕುದಿಸಿ ಮತ್ತೆ ತಿಕ್ಕಿದ್ದಾರೆ.

ನಾನು ಬಂದದ್ದು ಮಧ್ಯಾಹ್ನ ಒಂದಕ್ಕೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಕಣ್ಣು ಉರಿಯಿತು, ಗಂಟಲಲ್ಲಿ ಕೆರೆತ ಎದ್ದಿತು. ಅವರು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು.

"ಬಾಯಿ ಕಹಿ ಆಗೈತಿ ನೋಡು. ತಾಮ್ರದ ರೊಕ್ಕ ಬಾಯಾಗ ಇಟ್ಕೊಂಡಂಗ" ಅಂದರು. ಕಣ್ಣು ಕೆಂಪಗಿದ್ದವು.

ಕಿಟಕಿಗಳನ್ನೆಲ್ಲ ತೆಗೆದು ಫ್ಯಾನ್ ಹಾಕಿದೆ. ಪಾತ್ರೆಯನ್ನು ಹಿತ್ತಿಲಲ್ಲಿ ಇಟ್ಟೆ. ಹಬೆ ಹೆಚ್ಚಾಗಿ ಹೀಗಾಗಿರಬೇಕು, ಸರಿಹೋಗುತ್ತದೆ ಎಂದುಕೊಂಡೆ. ಎರಡು ಗಂಟೆಗೆ ಚಳಿ ಶುರುವಾಯಿತು. ಆ ಬಿಸಿಲಿನಲ್ಲಿ ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಮೂರಕ್ಕೆ ತೊಡೆಯಲ್ಲಿ, ಬೆನ್ನಲ್ಲಿ ನೋವು, ಮುಟ್ಟಿದರೆ ಚೀರುತ್ತಿದ್ದರು. ಕೆಮ್ಮಿದರೆ ಉಸಿರು ಎಳೆದುಕೊಳ್ಳಲು ಆಗುತ್ತಿರಲಿಲ್ಲ. "ಎದಿ ಬಿಗದಂಗ ಆಗಾಕತ್ತೈತಿ" ಎಂದದ್ದೇ ಕೊನೆ, ಆಮೇಲೆ ಮಾತಾಡುವುದಕ್ಕೂ ಉಸಿರು ಸಾಲಲಿಲ್ಲ. ಆಟೋ ಕರೆಸಿ ಊರಿನ ಆಸ್ಪತ್ರೆಗೆ ಓಡಿದೆ.

ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು. ಟಾರ್ಚು ಹಾಕಿ ಕಣ್ಣು ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟರು, ಆಕ್ಸಿಜನ್ ಹಚ್ಚಿಸಿದರು. ನಮ್ಮ ಕಡೆ ಇಂಥ ಸ್ಥಿತಿಯಲ್ಲಿ ಬರುವವರು ಹೆಚ್ಚಾಗಿ ಯಾರು ಎಂಬುದು ಅವರ ಪ್ರಶ್ನೆಯಲ್ಲೇ ಇತ್ತು.

"ಏನ್ ಕುಡಿದಾರ್ರಿ? ಹೊಲಕ್ಕ ಹೊಡಿಯೋ ಎಣ್ಣಿ ಏನಾರ?"

"ಇಲ್ಲ ಸರ್. ನಮಗ ಹೊಲಾನೇ ಇಲ್ಲ."

ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು: "ಮನ್ಯಾಗ ಏನಾರ ಜಗಳ ಆಗಿತ್ತೇನವ್ವಾ? ಮುಚ್ಚಿಡಬ್ಯಾಡ. ಯಾವುದು ಅಂತ ಗೊತ್ತಾದ್ರ ಔಷಧ ಕೊಡಾಕ ಬರ್ತೈತಿ."

"ಜಗಳ ಆಗಿಲ್ರಿ. ಮೀನಿನ ತೊಟ್ಟಿ ಕಲ್ಲು ತೊಳೀತಿದ್ರು."

"ಯಾತರಿಂದ ತೊಳೀತಿದ್ರು? ಆಸಿಡ್ಡಾ?" ಡಾಕ್ಟರು ಕೇಳಿದರು.

"ಬಿಸಿನೀರ್ರಿ."

ಅವರು ನನ್ನ ಮುಖವನ್ನೇ ನೋಡಿದರು. ಬಿಸಿನೀರಿನಿಂದ ಕಲ್ಲು ತೊಳೆದವನು ಹೀಗೆ ಬೀಳುತ್ತಾನೆಂದು ಯಾರು ನಂಬುತ್ತಾರೆ? ನಾನು ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದು ಹೇಳಿ ಅವರು ರಿಜಿಸ್ಟರು ತೆಗೆದರು. ಅಷ್ಟರಲ್ಲಿ ನರ್ಸಮ್ಮ ಮೂತ್ರದ ಬಾಟಲಿ ತಂದು ತೋರಿಸಿದರು. ಡಿಕಾಕ್ಷನ್ನಿನ ಬಣ್ಣ. ಡಾಕ್ಟರ ಮುಖ ಬದಲಾಯಿತು. ಮಾಂಸಖಂಡ ಒಡೆಯುತ್ತಿದೆ, ಕಿಡ್ನಿಗೆ ಹೋಗುತ್ತದೆ ಎಂದು ನರ್ಸಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು.

ಹೊರಗೆ ಬೇವಿನ ಗಿಡದ ಕೆಳಗೆ ನಿಂತು ವ್ಯಾಪಾರಿಗೆ ಫೋನು ಹಚ್ಚಿದೆ. ನಡೆದದ್ದು ಹೇಳಿದೆ. ಅವನು, "ಮುಚ್ಚಿದ ಮನೇಲಿ ಯಾಕೆ ಕುದಿಸಿದ್ರಿ?" ಅಂದ. ಹಾಗಾದರೆ ಅವನಿಗೆ ಗೊತ್ತಿತ್ತು.

"ಅದರಾಗ ಏನೈತಿ? ಡಾಕ್ಟ್ರಿಗೆ ಏನಂತ ಹೇಳ್ಲಿ?"

"ಕಲ್ಲು ಅಂತ ಹೇಳ್ಬೇಡಿ ಅಕ್ಕಾ. ಫಿನಾಯಿಲು, ಬ್ಲೀಚಿಂಗ್ ಪೌಡ್ರು ಎರಡೂ ಸೇರಿಸಿಬಿಟ್ರು ಅನ್ನಿ. ಕಲ್ಲು ಅಂದ್ರೆ ಎಲ್ಲಿಂದ ಬಂತು ಅಂತ ಕೇಳ್ತಾರೆ. ಸಮುದ್ರದಿಂದ ಕಿತ್ತಿದ್ದು ಅಂತ ಗೊತ್ತಾದ್ರೆ ಫಾರೆಸ್ಟ್‌ನವರು ಬರ್ತಾರೆ. ಮಾಲು ಇರೋದು ನಿಮ್ಮ ಹತ್ರ. ಒಳಗೆ ಹೋಗೋದು ನೀವೇ. ನಾನಲ್ಲ."

ಫೋನು ಇಟ್ಟ. ಮತ್ತೆ ಹಚ್ಚಿದೆ, ಎತ್ತಲಿಲ್ಲ.

ಆ ಗಿಡದ ಕೆಳಗೆ ನಾನು ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಹೆಚ್ಚೆಂದರೆ ಎರಡು ನಿಮಿಷ. ಆ ಎರಡು ನಿಮಿಷ ನಾನು ಫಿನಾಯಿಲಿನ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ ಎಂಬುದನ್ನು ಬರೆಯಲೇಬೇಕು. ಯಾವ ಬಾಟಲಿ, ಎಷ್ಟು ಸೇರಿಸಿದರು, ಎಲ್ಲಿ ತೊಳೆದರು, ಎಲ್ಲವನ್ನೂ ಜೋಡಿಸಿದೆ. ಸುಳ್ಳು ಚೆನ್ನಾಗಿಯೇ ಕೂತಿತು. ಆಮೇಲೆ ಇನ್ನೊಂದು ಹೊಳೆಯಿತು: ಡಾಕ್ಟರು ನನ್ನ ಮಾತನ್ನು ನಂಬಿ ಫಿನಾಯಿಲಿಗೆ ಔಷಧ ಕೊಡುತ್ತಾರೆ. ಈ ಮನುಷ್ಯ ಮುಟ್ಟದ ಫಿನಾಯಿಲಿಗೆ.

ಒಳಗೆ ಹೋದೆ. ಫೋನಿನಲ್ಲಿದ್ದ ಗುಂಡಿಗಳ ಫೋಟೋ ತೆಗೆದು ಡಾಕ್ಟರ ಮುಂದೆ ಹಿಡಿದೆ.

"ಸರ್, ಇದು ಸಮುದ್ರದ ಪ್ರಾಣಿ. ಹವಳದ ಕಲ್ಲಿನ ಮ್ಯಾಲ ಇತ್ತು. ಇದನ್ನ ಮುಚ್ಚಿದ ಮನ್ಯಾಗ ಕುದಿಸೀವಿ. ಎರಡು ತಾಸು ಹಬಿ ಕುಡದಾರ ಅವರು. ಕಲ್ಲು ಕದ್ದ ಮಾಲು. ಯಾರಿಗೆ ಹೇಳ್ಬೇಕೋ ಹೇಳ್ರಿ, ಆದ್ರ ಮದ್ಲು ಇದೇನು ಅಂತ ನೋಡ್ರಿ."

ಆ ಹುಡುಗ ಡಾಕ್ಟರ ಬಗ್ಗೆ ನನಗೆ ಇವತ್ತಿಗೂ ಗೌರವ. ಅವರು ನನ್ನನ್ನು ಬೈಯಲಿಲ್ಲ, ಗೊತ್ತಿರುವಂತೆ ನಟಿಸಲೂ ಇಲ್ಲ. "ನಾನು ಇದನ್ನ ಕೇಳೇ ಇಲ್ರಿ, ಐದು ನಿಮಿಷ ಕೊಡ್ರಿ" ಅಂದರು. ಫೋನಿನಲ್ಲಿ ಹುಡುಕಿದರು, ತಮಗೆ ಪಾಠ ಹೇಳಿದ ಪ್ರೊಫೆಸರಿಗೆ ಫೋನು ಮಾಡಿದರು. ವಿಷದ ಹೆಸರು ಪಾಲಿಟಾಕ್ಸಿನ್. ಆ ಗುಂಡಿಯಂಥ ಪ್ರಾಣಿಗಳಲ್ಲಿ ಕೆಲವುಗಳ ಮೈಯಲ್ಲಿ ಇರುತ್ತದೆ. ಕುದಿಸಿದರೆ ಸಾಯುವುದು ಪ್ರಾಣಿ. ವಿಷ ಹಬೆಯ ಜೊತೆ ಗಾಳಿಗೆ ಏರುತ್ತದೆ. ನನ್ನ ಗಂಡನಿಗೆ ಆದದ್ದೆಲ್ಲ, ಬಾಯಿಯ ಕಹಿಯಿಂದ ಹಿಡಿದು, ಅಲ್ಲಿ ಬರೆದಿತ್ತು.

"ಇದಕ್ಕ ಪ್ರತಿವಿಷ ಅಂತ ಇಲ್ರಿ. ಉಸಿರು ನಡಿಸ್ಬೇಕು, ಕಿಡ್ನಿ ಕಾಯಬೇಕು, ಅದು ತಾನಾಗೇ ಇಳೀಬೇಕು. ಇಲ್ಲಿ ಆಗಲ್ಲ. ಬಳ್ಳಾರಿಗೆ ಕಳಿಸ್ತೀನಿ. ನೀವು ಹೇಳಿದ್ದು ಚೊಲೋ ಆತು, ಇಲ್ಲಾಂದ್ರ ನಾನು ಬೇರೆ ದಾರಿ ಹಿಡೀತಿದ್ದೆ" ಅಂದರು. ನೆಬುಲೈಸರ್ ಹಚ್ಚಿ, ಎರಡು ಕೈಗೂ ಸಲೈನು ಹಾಕಿ, ಹೊತ್ತು ಮುಳುಗುವ ಮೊದಲೇ ಆಂಬುಲೆನ್ಸ್ ಹೊರಡಿಸಿದರು. ಚೀಟಿಯಲ್ಲಿ ಆ ವಿಷದ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದರು.

ಆಂಬುಲೆನ್ಸ್ ಹೆದ್ದಾರಿ ಹಿಡಿದ ಮೇಲೆ ಡಾಕ್ಟರಮ್ಮ ನೆನಪಾದರು. ಕ್ಲಿನಿಕ್ಕಿನ ತೊಟ್ಟಿಯಲ್ಲಿ ಅದೇ ಗುಂಡಿಗಳು ಇನ್ನೂ ಇದ್ದವು. ಫೋನು ಮಾಡಿ, ತೊಟ್ಟಿಯೊಳಗೆ ಯಾರೂ ಕೈ ಹಾಕುವುದು ಬೇಡ, ಮುಚ್ಚಳ ತೆಗೆಯುವುದು ಬೇಡ ಎಂದು ಹೇಳಿ, ಯಾಕೆಂಬುದನ್ನೂ ಹೇಳಿದೆ.

"ಅಕ್ಕ, ನಮ್ಮಲ್ಲಿ ಬರೋ ಮಕ್ಳು ದಿನಾ ಆ ಗಾಜಿಗೆ ಮೂಗು ಒತ್ತಿ ನಿಂತಿರ್ತಾವು. ಅದು ನಿಮಗ ಗೊತ್ತಿತ್ತಲ್ಲ?"

"ಗಾಜಿನ ಹೊರಗ ಏನೂ ಆಗಲ್ರಿ..."

"ನಿಮಗ ಗೊತ್ತಿರೋದು ಎಷ್ಟು ಅಂತ ಈಗ ಗೊತ್ತಾತಲ್ರಿ" ಅಂದರು. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಆಮೇಲೆ ಅವರೇ, "ಮದ್ಲು ನಿಮ್ಮ ಯಜಮಾನ್ರನ್ನ ನೋಡ್ಕೊಳ್ರಿ. ಹಾಲ್ ಬೀಗ ಹಾಕಿಸ್ತೀನಿ" ಎಂದರು.

ಬಳ್ಳಾರಿಯಲ್ಲಿ ಒಂಬತ್ತು ದಿನ. ಮೂರನೆಯ ದಿನ ಉಸಿರು ತೀರಾ ಕೆಟ್ಟಿತು. ಮೂಗು ಬಾಯಿ ಮುಚ್ಚುವ ಮಾಸ್ಕಿಗೆ ಯಂತ್ರ ಸೇರಿಸಿ ಗಾಳಿ ಒತ್ತಿದರು. ನನ್ನ ಕೆಮ್ಮೂ ನಿಂತಿರಲಿಲ್ಲ. ಕೆಮ್ಮಿದಾಗಲೆಲ್ಲ ಐಸಿಯು ಬಾಗಿಲಿನವನು ನನ್ನನ್ನು ದೂರ ಕಳಿಸುತ್ತಿದ್ದ. ಐದನೆಯ ದಿನ ಮೂತ್ರದ ಬಣ್ಣ ತಿಳಿಯಾಯಿತು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಹೇಳಿದೆ, ಒಂದಕ್ಷರ ಬದಲಿಸದೆ.

ಅವರನ್ನು ವಾರ್ಡಿಗೆ ಹಾಕಿದ ಮರುದಿನ ನಾನೇ ಅರಣ್ಯ ಇಲಾಖೆಯ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿಗೆ ಮೊದಲು ನನ್ನ ಮಾತು ತಿಳಿಯಲಿಲ್ಲ. ಕರಡಿ, ಚಿರತೆ, ಗಂಧದ ಮರದ ಮಾತಾದರೆ ಅವರಿಗೆ ನಿತ್ಯದ್ದು. ಹವಳದ ಕಲ್ಲಿನ ದೂರು ಹಿಡಿದುಕೊಂಡು ಬಂದವರು ಯಾರೂ ಇರಲಿಲ್ಲ. ಪುಸ್ತಕ ತೆಗೆಸಿ ನೋಡಿ, "ಹುಲಿಗೆ ಯಾವ ಕಾನೂನೋ ಹವಳಕ್ಕೂ ಅದೇ ಐತಲ್ರಿ!" ಎಂದು ತಾವೇ ಬೆರಗಾದರು. "ಎಲ್ಲಿಂದ ಕಿತ್ತಾರ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದೇ ಬರೆದುಕೊಂಡರು. ವ್ಯಾಪಾರಿಯ ನಂಬರು ಕೊಟ್ಟೆ. ಅದು ಆಗಲೇ ಸ್ವಿಚ್ ಆಫ್ ಆಗಿತ್ತು. ಆ ಪ್ರಕರಣ ಇನ್ನೂ ಮುಗಿದಿಲ್ಲ. ಕರೆದಾಗ ಹೋಗಿ ಸಹಿ ಹಾಕಿ ಬರುತ್ತೇನೆ.

ಜೀವಂತ ಇರುವಾಗ ಆ ಕಲ್ಲು ಸಾಗಿಸುವುದು ಅಪಾಯ. ತಣ್ಣೀರಿನಲ್ಲೇ ಬ್ಲೀಚ್ ಹಾಕಿದರೆ ಪ್ರಾಣಿಯೂ ಸಾಯುತ್ತದೆ, ವಿಷವೂ ಸಾಯುತ್ತದೆ ಎಂದು ಬಳ್ಳಾರಿಯ ಡಾಕ್ಟರು ತಿಳಿದುಕೊಂಡು ಹೇಳಿದ್ದರು. ಅಧಿಕಾರಿ ಮೊದಲು ಎಲ್ಲದರ ಫೋಟೋ ತೆಗೆಸಿದರು. ಬ್ಲೀಚ್ ನಾನೇ ಹಾಕುತ್ತೇನೆ ಎಂದೆ. ಒಂದು ಭಾನುವಾರ ಕ್ಲಿನಿಕ್ಕಿನ ಎಲ್ಲ ಕಿಟಕಿ ತೆಗೆಸಿ, ಮೊಣಕೈವರೆಗೆ ಗ್ಲೌಸು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ಹಾಕಿಕೊಂಡು ಒಬ್ಬಳೇ ಒಳಗೆ ಹೋದೆ. ಡಾಕ್ಟರಮ್ಮ, ಅಧಿಕಾರಿ ಬಾಗಿಲ ಹೊರಗೆ ನಿಂತಿದ್ದರು.

ಎರಡು ವಾರ ಯಾರೂ ಮುಟ್ಟದ ತೊಟ್ಟಿ. ನೀರು ಇಳಿದಿತ್ತು, ಗಾಜಿನ ಅಂಚಿಗೆ ಉಪ್ಪು ಕಟ್ಟಿತ್ತು. ಕೈ ಅಭ್ಯಾಸಕ್ಕೆ ಒಂದು ನಳಿಕೆ ನೀರು ತೆಗೆದು ಪರೀಕ್ಷೆ ಮಾಡಿದೆ. ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ಮೀನು ಬಿಡಬಹುದಾದ ನೀರು ಅದು, ನಾನು ಏಳು ವಾರ ಕಾದದ್ದು ಆ ಎರಡು ಸೊನ್ನೆಗೇ. ನಳಿಕೆಯನ್ನು ಸಿಂಕಿನಲ್ಲಿ ಚೆಲ್ಲಿ ತೊಳೆದಿಟ್ಟು ಬ್ಲೀಚಿನ ಮೊದಲ ಕ್ಯಾನು ಸುರಿದೆ.

ಗುಂಡಿಗಳು ಮುದುಡಿದವು, ಮತ್ತೆ ತೆರೆಯಲಿಲ್ಲ. ಅದಕ್ಕೆ ನಾನು ಸಿದ್ಧಳಾಗಿದ್ದೆ. ಕಲ್ಲಿನ ತೂತುಗಳೊಳಗಿಂದ ಉಳಿದವು ಹೊರಗೆ ಬರುತ್ತವೆ ಎಂದು ಎಣಿಸಿರಲಿಲ್ಲ. ನೂಲಿನಂಥ ಕೆಂಪು ಹುಳುಗಳು, ಅಕ್ಕಿಕಾಳಿನಷ್ಟು ಏಡಿಗಳು, ಐದು ಸಪೂರ ಕೈಗಳ ಒಂದು ನಕ್ಷತ್ರ. ಇಷ್ಟು ವಾರ ನನ್ನ ಕಣ್ಣಿಗೆ ಬೀಳದೆ ಅಷ್ಟೊಂದು ಒಳಗಿದ್ದವು. ನಕ್ಷತ್ರ ಗಾಜು ಹತ್ತತೊಡಗಿತು, ನೀರಿನ ಮೇಲಂಚಿನವರೆಗೆ ಬಂತು, ಅಲ್ಲಿ ಒಂದು ಕೈಯನ್ನು ಹೊರಗಿನ ಗಾಳಿಗೆ ಚಾಚಿ ನಿಂತಿತು. ಎರಡನೆಯ ಕ್ಯಾನು ನನ್ನ ಕೈಯಲ್ಲಿತ್ತು. ಅದನ್ನೂ ಸುರಿದೆ.

ಕಲ್ಲುಗಳು ಬೆಳ್ಳಗಾದ ಮೇಲೆ ಅಧಿಕಾರಿಯ ಜನ ಗೋಣಿಚೀಲಕ್ಕೆ ತುಂಬಿಕೊಂಡು ಒಯ್ದರು. ಡಾಕ್ಟರಮ್ಮ ಖಾಲಿ ತೊಟ್ಟಿಯನ್ನು ಅವತ್ತೇ ಹೊರಗೆ ಹಾಕಿಸಿದರು. ಬಾಗಿಲವರೆಗೆ ಬಂದು, "ಯಜಮಾನ್ರು ಉಣ್ತಾರೇನ್ರಿ?" ಎಂದು ಕೇಳಿದರು. ಗಂಜಿ ಕುಡಿಯುತ್ತಾರೆ ಎಂದೆ. ಮತ್ತೆ ನಾವು ಮಾತಾಡಿಲ್ಲ.

ನನ್ನ ಗಂಡ ಬದುಕಿದರು. ಆದರೆ ಮೊದಲಿನವರಾಗಿ ಬರಲಿಲ್ಲ. ಎರಡು ಕೊಡ ನೀರು ತಂದರೆ ಗೋಡೆ ಹಿಡಿದು ನಿಲ್ಲುತ್ತಾರೆ. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದೆ ಹೋಗಿ ಬರುವ ಕೆಲಸ ಆಗುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು; ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ಅವರು ಒಂದು ದಿನವೂ ನನ್ನನ್ನು ಬೈದಿಲ್ಲ. ನಾನೇ ಒಮ್ಮೆ, "ನೀವು ಬೈದುಬಿಡ್ರಿ" ಅಂದೆ. "ಬೈಯಾಕ ಉಸಿರು ಬೇಕಲ್ಲ" ಅಂದರು. ತಮಾಷೆಗೆ ಹೇಳಿದ್ದು. ನಾವಿಬ್ಬರೂ ನಗಲಿಲ್ಲ.

ಅಂಗಡಿ ಇದೆ. ಸಿಹಿನೀರಿನ ಮೀನು ಮಾತ್ರ. ಉಪ್ಪುನೀರಿನದು ಕೇಳಿಕೊಂಡು ಹಗರಿಬೊಮ್ಮನಹಳ್ಳಿಯಿಂದ ಒಬ್ಬರು, ಹರಪನಹಳ್ಳಿಯಿಂದ ಒಬ್ಬರು ಬಂದಿದ್ದರು. ಇಬ್ಬರಿಗೂ ಬೇಡವೆಂದು ಹೇಳಿ, ಬೇಡ ಯಾಕೆಂದೂ ಕೂರಿಸಿಕೊಂಡು ಹೇಳಿ ಕಳಿಸಿದೆ.

ಮೊನ್ನೆ ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ಅವರು ಇದ್ದಕ್ಕಿದ್ದಂತೆ ಕೇಳಿದರು.

"ಆ ಗುಂಡಿ, ನಾ ನೋಡಿದ್ದು ಪಾತ್ರ್ಯಾಗ ಕುದ್ದಿದ್ದು ಅಷ್ಟ. ನೀರಾಗ ಇದ್ದಾಗ ಹೆಂಗಿದ್ವು?"

ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ. ಆದರೂ ಹೇಳಿದೆ. ಬೆಳಕು ಹಾಕಿದ ಕಾಲು ತಾಸಿಗೆ ಒಂದೊಂದೇ ಅರಳುತ್ತಿದ್ದವು. ನೀರು ಹರಿದ ಕಡೆಗೆ ಎಲ್ಲ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿದ್ದವು, ಗಾಳಿಗೆ ನವಣೆಯ ತೆನೆ ಬಾಗಿದ ಹಾಗೆ. ಹತ್ತಿರದಿಂದ ನೋಡಿದರೆ ಕಂದಿನ ನಡುವೆ ಒಂದು ಹಸಿರು ಗೆರೆ ಇತ್ತು.

ಅವರು ಕೇಳಿಸಿಕೊಂಡರು. ಒಂದು ಸಲ ಕೆಮ್ಮಿದರು, ಉಸಿರು ಕೂಡಿಕೊಳ್ಳುವವರೆಗೆ ಕಾದರು.

"ಚಂದ ಇದ್ವೇನು?"

"ಇದ್ವುರಿ" ಅಂದೆ. "ಭಾಳ ಚಂದ ಇದ್ವು."